ಮೂಲೆಹೊಳೆ ಕಾಡಿನ ನೀರಿನ ಲೆಕ್ಕ: ನೂರು ರೂಪಾಯಿ ಮಳೆ ಬಿದ್ರೆ ಭೂಮಿಗೆ ಇಳಿಯೋದು ಎಷ್ಟು?

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಓಡಾಡುವವರಿಗೆ ಮೂಲೆಹೊಳೆ ಅಂದ ಕೂಡಲೇ ನೆನಪಾಗೋದು ಚೆಕ್‌ಪೋಸ್ಟ್ ಮತ್ತು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ. ತರಕಾರಿ ಲಾರಿಯವರಿಗಂತೂ ಈ ಹೆಸರು ಬಾಯಿಪಾಠ. ಆದರೆ ಕಾಡಿನ ನೀರಿನ ಬಗ್ಗೆ ಅಧ್ಯಯನ ಮಾಡುವ ದೇಶ-ವಿದೇಶದ ವಿಜ್ಞಾನಿಗಳಿಗೆ ಮೂಲೆಹೊಳೆ ಬೇರೆ ಕಾರಣಕ್ಕೆ ಗೊತ್ತು. ಬಂಡೀಪುರ ಅಭಯಾರಣ್ಯದ ಒಳಗಿರುವ ಇಲ್ಲಿನ ಒಂದು ಸಣ್ಣ ಹಳ್ಳದ ಜಲಾನಯನದಲ್ಲಿ 2003ರಿಂದ ಮಳೆ, ಹಳ್ಳದ ಹರಿವು ಮತ್ತು ಅಂತರ್ಜಲದ ಲೆಕ್ಕ ಇಡಲಾಗುತ್ತಿದೆ.

ಬೋರ್ ಹಾಕಿಸಬೇಕಾ ಬೇಡವಾ, ಈ ವರ್ಷ ಮಳೆ ಚೆನ್ನಾಗಾಯ್ತಲ್ಲ ನೀರು ಬರುತ್ತಾ, ಕಾಡಿನ ಪಕ್ಕದ ಜಮೀನಿಗೆ ನೀರು ಹೆಚ್ಚಾ ಅನ್ನೋ ಪ್ರಶ್ನೆಗಳು ನಮ್ಮ ತಾಲ್ಲೂಕಿನ ಪ್ರತಿ ಟೀ ಅಂಗಡಿಯಲ್ಲೂ ಕೇಳಿಬರುತ್ತವೆ. ಆ ಪ್ರಶ್ನೆಗಳಿಗೆ ಈ ಹಳ್ಳದ ಲೆಕ್ಕದಲ್ಲಿ ಉತ್ತರದ ಒಂದು ಭಾಗ ಇದೆ. ಅಲ್ಲಿ ಏನು ಅಳೆಯುತ್ತಾರೆ, ಇಷ್ಟು ವರ್ಷ ಯಾಕೆ ಅಳೆಯಬೇಕು, ಗೊತ್ತಾಗಿರೋದು ಏನು, ನಮಗೆ ಅದರಿಂದ ಉಪಯೋಗ ಏನು ಅನ್ನೋದರ ಮಾಹಿತಿ ಇಲ್ಲಿದೆ.

ಜಲಾನಯನ ಅಂದ್ರೆ ಏನು?

ಒಂದು ಹಳ್ಳದ ಯಾವುದೋ ಒಂದು ಜಾಗದಲ್ಲಿ ನಿಂತುಕೊಳ್ಳಿ. ಎಲ್ಲೆಲ್ಲಿ ಬಿದ್ದ ಮಳೆ ನೀರು ಹರಿದು ಬಂದು ಆ ಜಾಗ ದಾಟಿ ಹೋಗುತ್ತದೋ ಅಷ್ಟೂ ಭೂಮಿ ಆ ಹಳ್ಳದ ಜಲಾನಯನ. ಸುತ್ತಲಿನ ದಿಬ್ಬಗಳೇ ಅದರ ಗಡಿ. ಗಡಿಯ ಈಚೆ ಬಿದ್ದ ಹನಿ ಈ ಹಳ್ಳಕ್ಕೆ, ಆಚೆ ಬಿದ್ದದ್ದು ಪಕ್ಕದ ಹಳ್ಳಕ್ಕೆ.

ನೀರಿನ ಲೆಕ್ಕ ಇಡೋದಕ್ಕೆ ಜಲಾನಯನ ಒಳ್ಳೆ ಅಳತೆ. ಅಂಗಡಿಯ ಗಲ್ಲಾ ಇದ್ದ ಹಾಗೆ. ಒಳಗೆ ಬರೋ ದಾರಿ ಒಂದೇ, ಮಳೆ. ಹೊರಗೆ ಹೋಗೋ ದಾರಿ ಮೂರು: ಗಿಡಮರ ಹೀರಿ ಮತ್ತು ಮಣ್ಣಿನಿಂದ ಆರಿ ಆವಿಯಾಗೋದು, ಹಳ್ಳದಲ್ಲಿ ಹರಿದು ಹೋಗೋದು, ಭೂಮಿಯೊಳಗೆ ಇಳಿದು ಕೆಳಗಿನಿಂದಲೇ ಮುಂದಕ್ಕೆ ಸರಿಯೋದು. ಮಿಕ್ಕಿದ್ದು ಮಣ್ಣು ಮತ್ತು ಕಲ್ಲಿನ ಪದರದಲ್ಲಿ ಉಳಿತಾಯ. ಜಮಾ, ಖರ್ಚು, ಉಳಿಕೆ ಅಷ್ಟೇ. ಕಾಡಿನಲ್ಲಿ ಬೋರ್ ಇಲ್ಲ, ಕಾಲುವೆ ಇಲ್ಲ, ಯಾರೂ ನೀರು ಎತ್ತೋದಿಲ್ಲ. ಹಾಗಾಗಿ ಮನುಷ್ಯ ಕೈ ಹಾಕದೇ ಇದ್ದರೆ ನೀರಿನ ವ್ಯವಹಾರ ಹೇಗೆ ನಡೆಯುತ್ತೆ ಅಂತ ತಿಳಿಯೋಕೆ ಕಾಡಿನ ಜಲಾನಯನವೇ ಬೇಕು.

ಮೂಲೆಹೊಳೆಯಲ್ಲಿ ಏನೇನಿದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಫ್ರಾನ್ಸ್‌ನ ಐಆರ್‌ಡಿ ಸಂಶೋಧನಾ ಸಂಸ್ಥೆ ಸೇರಿ ಮಾಡಿಕೊಂಡಿರುವ ನೀರಿನ ವಿಜ್ಞಾನದ ಜಂಟಿ ಘಟಕದ ಕೆಲಸ ಇದು. ಜಲಾನಯನದ ವಿಸ್ತೀರ್ಣ ಸುಮಾರು 4 ಚದರ ಕಿ.ಮೀ, ಅಂದ್ರೆ ಹೆಚ್ಚುಕಮ್ಮಿ ಸಾವಿರ ಎಕರೆ. ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ದಿಂಡಿಗ, ತೇಗ, ಮತ್ತಿ ಮುಖ್ಯ ಮರಗಳು. ಕೆಳಗೆ ಎತ್ತರದ ಹುಲ್ಲು, ಈಗ ಅದರ ಜಾಗಕ್ಕೆ ನುಗ್ಗುತ್ತಿರುವ ಲಂಟಾನ. ಬಹುಪಾಲು ಕೆಂಪು ಮಣ್ಣು, ತಗ್ಗಿನಲ್ಲಿ ಕಪ್ಪು ಮಣ್ಣು. ಅಡಿಯಲ್ಲಿ ಗಟ್ಟಿ ಬಂಡೆ.

ಮಣ್ಣು ಮತ್ತು ಬಂಡೆಯ ನಡುವೆ ಇರುವ ಪದರವೇ ಈ ಕಥೆಯಲ್ಲಿ ಮುಖ್ಯ. ಮೇಲೆ ಸರಾಸರಿ 2 ಮೀಟರ್ ಮಣ್ಣು. ಅದರ ಕೆಳಗೆ ಸುಮಾರು 15 ಮೀಟರ್ ದಪ್ಪಕ್ಕೆ ಶಿಥಿಲವಾದ, ಕೈಯಲ್ಲಿ ಪುಡಿಯಾಗುವಂಥ ಕಲ್ಲು. ಎರಡೂ ಸೇರಿ 17 ಮೀಟರ್, ಸುಮಾರು 55 ಅಡಿ. ಆಮೇಲೆ ಬಿರುಕು ಬಿಟ್ಟ ಬಂಡೆ. ಬೋರ್ ಕೊರೆಸಿದವರಿಗೆ ಇದು ಹೊಸದಲ್ಲ. ರಿಗ್ ಮೊದಲು ಮಣ್ಣು, ಆಮೇಲೆ ಮೆತ್ತಗಿನ ಕಲ್ಲಿನ ಪುಡಿ, ಆಮೇಲೆ ಬಿಳಿ ಹಿಟ್ಟು ಹಾರಿಸುತ್ತಲ್ಲ, ಅದೇ ಪದರಗಳು.

ಅಳೆಯುವ ಸಾಮಾನು ಹೀಗಿವೆ:

- ಮಳೆ ಮತ್ತು ಹವಾಮಾನ ದಾಖಲಿಸುವ ಸ್ವಯಂಚಾಲಿತ ಕೇಂದ್ರ.
- ಜಲಾನಯನದ ಬಾಯಲ್ಲಿ, ಹಳ್ಳಕ್ಕೆ ಅಡ್ಡಲಾಗಿ ಗೊತ್ತಾದ ಅಳತೆಯಲ್ಲಿ ಕಟ್ಟಿದ ಕಾಲುವೆ. ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯಿತು ಅಂತ ನೋಡಿದರೆ ಎಷ್ಟು ನೀರು ಹೋಯಿತು ಅಂತ ಲೆಕ್ಕ ಸಿಗುತ್ತೆ.
- ದಿಬ್ಬದಿಂದ ಹಳ್ಳದವರೆಗೆ ಬೇರೆ ಬೇರೆ ಕಡೆ ಕೊರೆದ ವೀಕ್ಷಣಾ ಕೊಳವೆಬಾವಿಗಳು. ಇವುಗಳಿಂದ ನೀರು ಎತ್ತೋದಿಲ್ಲ, ಮಟ್ಟ ನೋಡೋದು ಮಾತ್ರ.
- ಮಳೆ ನೀರು, ಹಳ್ಳದ ನೀರು, ಅಂತರ್ಜಲ ಮೂರರ ಮಾದರಿ ತೆಗೆದು ಲವಣಾಂಶದ ಪರೀಕ್ಷೆ.

ಕೊನೆಯದರ ಬಗ್ಗೆ ಒಂದು ಮಾತು. ಮಳೆ ನೀರಿನಲ್ಲಿ ತೀರಾ ಸ್ವಲ್ಪ ಕ್ಲೋರೈಡ್, ಅಂದ್ರೆ ಉಪ್ಪಿನ ಅಂಶ ಇರುತ್ತೆ. ಮರ ನೀರು ಹೀರುವಾಗ ಈ ಉಪ್ಪನ್ನು ಹೆಚ್ಚಾಗಿ ಹಿಂದೆ ಬಿಟ್ಟುಬಿಡುತ್ತೆ. ಸಾರು ಕುದಿದು ಕುದಿದು ಬತ್ತಿದ ಹಾಗೆ ಉಪ್ಪು ಜಾಸ್ತಿ ಆಗುತ್ತಲ್ಲ, ಹಾಗೇ. ಮಳೆಯಲ್ಲಿ ಉಪ್ಪು ಎಷ್ಟಿತ್ತು, ಅಂತರ್ಜಲದಲ್ಲಿ ಎಷ್ಟಿದೆ ಅಂತ ಹೋಲಿಸಿದರೆ ಎಷ್ಟು ನೀರು ಮೇಲೆಯೇ ಖರ್ಚಾಗಿ, ಎಷ್ಟು ಕೆಳಗೆ ಇಳಿಯಿತು ಅಂತ ಅಂದಾಜು ಸಿಗುತ್ತೆ. ಕೊಳವೆಬಾವಿಯ ಮಟ್ಟದ ಏರಿಳಿತ ನೋಡಿ ಇನ್ನೊಂದು ಅಂದಾಜು. ಒಂದರ ಲೆಕ್ಕವನ್ನು ಇನ್ನೊಂದು ಪರೀಕ್ಷೆ ಮಾಡುತ್ತೆ.

ನೂರು ರೂಪಾಯಿ ಮಳೆ, ಖರ್ಚು ಹೀಗೆ

ಐದು ವರ್ಷದ ಅಳತೆಯನ್ನು ಆಧಾರವಾಗಿ ಇಟ್ಟುಕೊಂಡು, ಅದನ್ನು 32 ವರ್ಷದ ಮಳೆ-ಹವಾಮಾನದ ದಾಖಲೆಗೆ ಹೊಂದಿಸಿ ವಿಜ್ಞಾನಿಗಳು ತೆಗೆದ ಸರಾಸರಿ ಲೆಕ್ಕ ಇದು. ವರ್ಷಕ್ಕೆ:

- ಬಿದ್ದ ಮಳೆ: 1,090 ಮಿ.ಮೀ
- ಕಾಡು ಹೀರಿ, ಆರಿ ಆವಿಯಾದದ್ದು: ಸುಮಾರು 900 ಮಿ.ಮೀ
- ಹಳ್ಳದಲ್ಲಿ ಹರಿದದ್ದು: ಸುಮಾರು 100 ಮಿ.ಮೀ
- ನೆಲದಡಿಯಲ್ಲಿ ಮುಂದೆ ಸಾಗಿದ್ದು: ಸುಮಾರು 80 ಮಿ.ಮೀ

ರೂಪಾಯಿ ಲೆಕ್ಕದಲ್ಲಿ ಹೇಳೋದಾದರೆ, ನೂರು ರೂಪಾಯಿ ಮಳೆ ಬಿದ್ದರೆ ಸುಮಾರು 83 ರೂಪಾಯಿ ಕಾಡಿನ ಊಟಕ್ಕೇ ಹೋಯಿತು. ಹಳ್ಳಕ್ಕೆ ಸಿಕ್ಕಿದ್ದು 9 ರೂಪಾಯಿ. ಅಂತರ್ಜಲದ ಪಾಲು 7 ರೂಪಾಯಿ ಚಿಲ್ಲರೆ.

ಆ 900 ಮಿ.ಮೀ ಪೈಕಿ ಸುಮಾರು 100 ಮಿ.ಮೀ ಅನ್ನು ಮರಗಳು ಆಳದ ಶಿಥಿಲ ಕಲ್ಲಿನ ಪದರದಿಂದ ಎಳೆದುಕೊಂಡಿವೆ. ಎಲೆ ಉದುರಿಸುವ ಕಾಡಿನ ಬೇರು ಅಷ್ಟು ಕೆಳಗಿನ ನೀರನ್ನೂ ಬಳಸುತ್ತೆ ಅನ್ನೋದು ಈ ಅಧ್ಯಯನದ ಮುಖ್ಯ ಸಂಗತಿಗಳಲ್ಲಿ ಒಂದು. ಬೇಸಿಗೆಯ ಒಣ ನೆಲದಲ್ಲೂ, ಮೊದಲ ಮಳೆಗೆ ಮುಂಚೆಯೇ ಕೆಲವು ಮರ ಹೇಗೆ ಚಿಗುರುತ್ತೆ ಅಂತ ಆಶ್ಚರ್ಯಪಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಮೂರು ವರ್ಷದ ಲೆಕ್ಕ ಬೇರೆ, 32 ವರ್ಷದ್ದು ಬೇರೆ

ಮೊದಲ ಮೂರು ವರ್ಷದ (2003–2006) ಅಳತೆಯಿಂದ ಬಂದ ಲೆಕ್ಕದಲ್ಲಿ ಕಾಡಿನ ಖರ್ಚು ವರ್ಷಕ್ಕೆ ಸರಾಸರಿ 1,050 ಮಿ.ಮೀ ಇತ್ತು, ಅಂದ್ರೆ ಮಳೆಯ ಶೇ 80ರಿಂದ 90. ಎಲೆ ಉದುರಿಸುವ ಕಾಡಿಗೆ ಇಷ್ಟು ಖರ್ಚು ಇರುತ್ತೆ ಅಂತ ವಿಜ್ಞಾನಿಗಳೇ ನಿರೀಕ್ಷಿಸಿರಲಿಲ್ಲ. ಮುಂದೆ ದೀರ್ಘ ಅವಧಿಗೆ ಲೆಕ್ಕ ಹಾಕಿದಾಗ ಸರಾಸರಿ 900ಕ್ಕೆ ಬಂತು. ಲೆಕ್ಕ ಹಾಕಿದ ವಿಧಾನ ಬೇರೆ ಅನ್ನೋದು ಒಂದು ಕಾರಣ. ಇನ್ನೊಂದು, ಆ ಮೂರು ವರ್ಷದ ಸರಾಸರಿ ಮಳೆ ದೀರ್ಘಾವಧಿ ಸರಾಸರಿಗಿಂತ ಜಾಸ್ತಿಯೇ ಇತ್ತು. ಮಳೆ ಹೆಚ್ಚಿದ್ದಾಗ ಕಾಡೂ ಕೈ ಬಿಚ್ಚಿ ಖರ್ಚು ಮಾಡುತ್ತೆ.

32 ವರ್ಷದ ಲೆಕ್ಕದಲ್ಲಿ ಕಂಡ ಇನ್ನೊಂದು ವಿಷಯ ನಮಗೆ ಬಹಳ ಮುಖ್ಯ. ಇಲ್ಲಿ ನೀರಿನ ವರ್ಷಗಳು ಒಂದೊಂದಾಗಿ ಬರೋದಿಲ್ಲ. ಒಣ ವರ್ಷಗಳ ಸಾಲು, ಆಮೇಲೆ ತೇವದ ವರ್ಷಗಳ ಸಾಲು ಹೀಗೆ ತಿರುಗುತ್ತವೆ. ಒಂದು ಸುತ್ತಿಗೆ ಹೆಚ್ಚುಕಮ್ಮಿ 14 ವರ್ಷ. ಯಾರಾದರೂ ತೇವದ ಸಾಲಿನ ನಡುವೆ ನಾಲ್ಕು ವರ್ಷ ಅಳೆದು ಹೋದರೆ "ಇಲ್ಲಿ ನೀರಿಗೆ ಬರ ಇಲ್ಲ" ಅಂತ ವರದಿ ಕೊಡುತ್ತಾರೆ. ಒಣ ಸಾಲಿನಲ್ಲಿ ಅಳೆದವರು ಅದಕ್ಕೆ ಪೂರಾ ಉಲ್ಟಾ ಹೇಳುತ್ತಾರೆ. ಇಬ್ಬರೂ ಅಳೆದಿದ್ದು ಸರಿಯೇ ಇರುತ್ತೆ, ತೀರ್ಮಾನ ಮಾತ್ರ ತಪ್ಪು.

ತೇವದ ಸಾಲಿನಲ್ಲಿ ಬೋರ್ ಹಾಕಿಸಿ, ನೀರು ಚೆನ್ನಾಗಿ ಬಂತು ಅಂತ ಇನ್ನೆರಡು ಎಕರೆಗೆ ಬಾಳೆ ಇಟ್ಟು, ಸಾಲ ತೀರುವ ಮೊದಲೇ ಒಣ ಸಾಲಿಗೆ ಸಿಕ್ಕಿಹಾಕಿಕೊಳ್ಳೋದು ಹೀಗೆ.

ಮಳೆಗೂ ಅಂತರ್ಜಲಕ್ಕೂ ನಡುವೆ ತಡ ಯಾಕೆ?

ಮೂಲೆಹೊಳೆಯ ವೀಕ್ಷಣಾ ಕೊಳವೆಗಳೆಲ್ಲ ಒಂದೇ ಥರ ನಡೆದುಕೊಂಡಿಲ್ಲ. ಕೆಲವಲ್ಲಿ ಮಳೆಗಾಲದ ಬೆನ್ನಿಗೇ ಮಟ್ಟ ಏರಿತು. ಕೆಲವಲ್ಲಿ ತುಂಬಾ ತಡವಾಗಿ ಏರಿತು. ಕಾರಣ ಆ ಶಿಥಿಲ ಕಲ್ಲಿನ ಪದರ. ಅದು ಒಣಗಿದ ಸ್ಪಂಜ್ ಇದ್ದ ಹಾಗೆ. ಮೊದಲು ತಾನು ಕುಡಿದು ತುಂಬಿಕೊಳ್ಳುತ್ತೆ, ಆಮೇಲೆ ಕೆಳಕ್ಕೆ ಬಿಡುತ್ತೆ. ಬರಗಾಲದಲ್ಲಿ ಮರಗಳು ಆ ಸ್ಪಂಜನ್ನು ಹಿಂಡಿ ಬಿಟ್ಟಿದ್ದರೆ, ಬರ ಮುಗಿದ ಮೇಲೆ ಬಂದ ಒಳ್ಳೆ ಮಳೆ ಮೊದಲು ಆ ಹಳೆ ಬಾಕಿ ತೀರಿಸಬೇಕು. ಪದರದ ದಪ್ಪ ಜಾಗದಿಂದ ಜಾಗಕ್ಕೆ ಬೇರೆ. ಹಾಗಾಗಿ ಒಂದೇ ಮಳೆಗೆ ಒಂದೊಂದು ಕಡೆ ಒಂದೊಂದು ಉತ್ತರ.

ಇದು ಗೊತ್ತಿಲ್ಲದೇ ಇದ್ದರೆ "ಹೋದ ವರ್ಷ ಅಷ್ಟು ಮಳೆ ಬಂತು, ಆದ್ರೂ ನನ್ನ ಬೋರ್‌ಗೆ ನೀರು ಬರಲಿಲ್ಲ, ಪಕ್ಕದವನಿಗೆ ಬಂತು" ಅನ್ನೋದು ಅದೃಷ್ಟದ ಮಾತಾಗುತ್ತೆ. ಅದೃಷ್ಟಕ್ಕಿಂತ ಹೆಚ್ಚಾಗಿ ಅದು ನೆಲದಡಿಯ ಪದರದ ಮತ್ತು ಹಳೆ ಬಾಕಿಯ ಮಾತು.

ಹಳ್ಳ ಯಾಕೆ ಅಷ್ಟು ಬೇಗ ಬತ್ತುತ್ತೆ?

ಕಾಡಿನ ಹಳ್ಳ ಅಂದ್ರೆ ವರ್ಷವಿಡೀ ಹರಿಯಬೇಕು ಅಂತ ನಾವು ಅಂದುಕೊಳ್ತೀವಿ. ಘಟ್ಟದ ಕಡೆ ಅದು ನಿಜ ಇರಬಹುದು. ಮೂಲೆಹೊಳೆಯ ಈ ಹಳ್ಳದಲ್ಲಿ ಜೋರು ಮಳೆ ಬಂದಾಗ ನೀರು ಬರುತ್ತೆ, ಸ್ವಲ್ಪ ಸಮಯಕ್ಕೆ ನಿಂತುಹೋಗುತ್ತೆ. ಕಾಡು ಹೆಚ್ಚು ನೀರು ಬಳಸುವುದರಿಂದ ಕೆಳಗೆ ಇಳಿಯೋದು ಕಮ್ಮಿ, ಹಾಗಾಗಿ ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಕೆಳಗಿದೆ. ಭೂಮಿಯಿಂದ ಒಸರಿ ಹಳ್ಳಕ್ಕೆ ಬರೋ ನೀರೇ ಇಲ್ಲ.

ಬದಲಿಗೆ ಹಳ್ಳವೇ ಭೂಮಿಗೆ ನೀರು ಕೊಡುತ್ತೆ. ಮೊದಲ ಮೂರು ವರ್ಷದ ಲೆಕ್ಕದ ಪ್ರಕಾರ ಇಡೀ ಕಾಡಿನ ನೆಲದಿಂದ ನೇರವಾಗಿ ಇಂಗಿದ್ದು ವರ್ಷಕ್ಕೆ 45 ಮಿ.ಮೀ. ಸುಮಾರು 2 ಕಿ.ಮೀ ಉದ್ದದ ಹಳ್ಳದ ತಳದಿಂದ, ನೀರು ಬಂದ ದಿನಗಳಲ್ಲಿ ಮಾತ್ರ ಇಂಗಿದ್ದು 30 ಮಿ.ಮೀ. ಸಾವಿರ ಎಕರೆ ನೆಲ ಒಂದು ಕಡೆ, ಕೆಲವು ಅಡಿ ಅಗಲದ ಹಳ್ಳ ಒಂದು ಕಡೆ. ಆದರೂ ಇಂಗಿದ ನೀರಿನಲ್ಲಿ ಹಳ್ಳದ ಪಾಲು ಐದರಲ್ಲಿ ಎರಡು. ಹಳ್ಳ ಒತ್ತುವರಿ ಮಾಡಿ ಸೈಟ್ ಮಾಡೋದು, ಮರಳು ಬಗೆಯೋದು, ಕಸ ಸುರಿಯೋದು ಇವೆಲ್ಲ ಎಷ್ಟು ದುಬಾರಿ ಅಂತ ಈ ಒಂದು ಅಂಕಿಯಿಂದಲೇ ಗೊತ್ತಾಗುತ್ತೆ.

ಹಾಗಾದ್ರೆ ಮರ ಕಡಿದರೆ ನೀರು ಜಾಸ್ತಿ ಸಿಗುತ್ತಾ?

ಕಾಡು ಶೇ 80ಕ್ಕಿಂತ ಹೆಚ್ಚು ನೀರು ಬಳಸುತ್ತೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಿದವರು ಬಹಳ ಮಂದಿ, ಬಹಳ ವರ್ಷದಿಂದ. ಸ್ವಿಟ್ಜರ್‌ಲೆಂಡಿನ ಎಮೆಂಟಾಲ್ ಕಣಿವೆಯಲ್ಲಿ ಕಾಡು ಹೆಚ್ಚಿದ್ದ ಮತ್ತು ಕಮ್ಮಿ ಇದ್ದ ಎರಡು ಹಳ್ಳಗಳನ್ನು ಅಕ್ಕಪಕ್ಕ ಇಟ್ಟು ಅಳೆಯಲು ಶುರು ಮಾಡಿದ್ದು 1903ರಲ್ಲಿ. ಅಮೆರಿಕದ ಕೊವೀಟಾದಲ್ಲಿ 1934ರಿಂದ, ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1955ರಿಂದ ಇಂಥ ಕೆಲಸ ನಡೆದಿದೆ.

ಹಬ್ಬರ್ಡ್ ಬ್ರೂಕ್‌ನಲ್ಲಿ 1965ರ ಕೊನೆಗೆ ಒಂದು ಹಳ್ಳದ ಜಲಾನಯನದ ಮರಗಳನ್ನೆಲ್ಲ ಕಡಿದು, ಮೂರು ವರ್ಷ ಚಿಗುರು ಬಾರದ ಹಾಗೆ ಕಳೆನಾಶಕ ಹೊಡೆದರು. ಮೊದಲ ವರ್ಷ ಹಳ್ಳದ ನೀರು ಸುಮಾರು ಶೇ 40 ಹೆಚ್ಚಾಯಿತು. ಆದರೆ ಮಣ್ಣಿನ ಸಾರವೆಲ್ಲ ತೊಳೆದು ಹೋಗಿ, ನೀರಿನಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿ ದಾಟಿತು. ಚಿಗುರು ಬರೋಕೆ ಬಿಟ್ಟ ಮೇಲೆ ಹೆಚ್ಚಾಗಿದ್ದ ನೀರೂ ಇಳಿಯಿತು.

ಇದೇ ಕಾಡಿನಲ್ಲಿ 1963ರಲ್ಲಿ ಮಳೆ ನೀರಿನ ಮಾದರಿ ತೆಗೆದಾಗ ಅದು ಹುಳಿ, ಅಂದ್ರೆ ಆಮ್ಲೀಯ ಅಂತ ಗೊತ್ತಾಯಿತು. ಒಂದೆರಡು ಮಾದರಿಯಿಂದ ಯಾರನ್ನೂ ಒಪ್ಪಿಸೋಕೆ ಆಗಲ್ಲ. ವರ್ಷಗಟ್ಟಲೆ ವಾರ ಬಿಡದೆ ತೆಗೆದ ಮಾದರಿಗಳೇ ಆಮ್ಲ ಮಳೆಯ ಸಾಕ್ಷಿಯಾದವು. ಹೊಗೆ ಕೊಳವೆಗಳಿಗೆ ಕಡಿವಾಣ ಹಾಕುವ ತಿದ್ದುಪಡಿ ಅಮೆರಿಕದ ಕಾನೂನಿಗೆ ಬಂದಿದ್ದು 1990ರಲ್ಲಿ. ಮಾದರಿಗೂ ಕಾನೂನಿಗೂ ನಡುವೆ 27 ವರ್ಷ.

ನಮ್ಮ ಪಕ್ಕದ ನೀಲಗಿರಿಯಲ್ಲೇ ಇನ್ನೊಂದು ಪಾಠ ಇದೆ. ಊಟಿ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲು ಮತ್ತು ಶೋಲಾ ಇದ್ದ ಎರಡು ಸಣ್ಣ ಜಲಾನಯನಗಳನ್ನು 1968ರಿಂದ ಹಾಗೇ ಅಳೆದು, 1972ರಲ್ಲಿ ಒಂದರ ಶೇ 59 ಭಾಗಕ್ಕೆ ನೀಲಗಿರಿ ಮರ ನೆಟ್ಟರು. ಇನ್ನೊಂದನ್ನು ಮುಟ್ಟಲಿಲ್ಲ. ಮೊದಲ ಹತ್ತು ವರ್ಷದ ಸುತ್ತಿನಲ್ಲಿ ನೆಟ್ಟ ಕಡೆಯ ನೀರು ಶೇ 16 ಕಮ್ಮಿಯಾಯಿತು. ಕಡಿದ ಬುಡ ಮತ್ತೆ ಚಿಗುರಿದ ಎರಡನೇ ಸುತ್ತಿನಲ್ಲಿ ಸುಮಾರು ಕಾಲು ಭಾಗ ಕಮ್ಮಿ.

ಇನ್ನು ಉತ್ತರ ಕನ್ನಡದಲ್ಲಿ ಒಳ್ಳೆ ಕಾಡು, ನೆಡುತೋಪು ಮತ್ತು ಹಾಳಾದ ಕಾಡಿನ ಹಳ್ಳಗಳನ್ನು ಹೋಲಿಸಿ ನೋಡಿದಾಗ, ಮಳೆಯ ಹೆಚ್ಚು ಪಾಲು ಹಳ್ಳದಲ್ಲಿ ಹರಿದು ಹೋಗಿದ್ದು ಹಾಳಾದ ಕಾಡಿನಲ್ಲಿ. ದನ ತುಳಿದು ಗಟ್ಟಿಯಾದ ನೆಲದಲ್ಲಿ ಇಂಗದೇ ಹೋದದ್ದು ಪ್ರವಾಹವಾಗಿ ಹರಿಯಿತು.

ಎಲ್ಲ ಸೇರಿಸಿ ಹೇಳೋದಾದರೆ:

- ಮರ ನೀರು ಬಳಸುತ್ತೆ, ಅದರಲ್ಲಿ ಅನುಮಾನ ಇಲ್ಲ.
- ಒಳ್ಳೆ ಕಾಡಿನ ನೆಲ ನೀರನ್ನು ಇಂಗಿಸುತ್ತೆ, ಮಣ್ಣು ಹಿಡಿದಿಡುತ್ತೆ, ನೀರನ್ನು ಶುದ್ಧ ಇಡುತ್ತೆ.
- ಕಡಿದರೆ ಹೆಚ್ಚು ಬರುವ ನೀರು ಮಳೆ ಬಂದ ದಿನವೇ ಕೆಂಪಾಗಿ ಹರಿದು ಹೋಗುವ ನೀರು. ಕೆರೆಗೆ ಹೂಳು ತುಂಬೋದೂ ಅದೇ.
- ಯಾವ ಮರ, ಯಾವ ನೆಲ, ಎಷ್ಟು ಮಳೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಹಾಗಾಗಿ "ಗಿಡ ನೆಟ್ಟರೆ ಬೋರ್ ತುಂಬುತ್ತೆ" ಅನ್ನೋದೂ ಪೂರ್ತಿ ನಿಜ ಅಲ್ಲ, "ಮರ ಕಡಿದರೆ ನೀರು ಬರುತ್ತೆ" ಅನ್ನೋದೂ ಅಲ್ಲ.

ಕಾಡು ಮುಗಿದು ಹೊಲ ಶುರುವಾದ ಕಡೆ: ಬೇರಂಬಾಡಿ

ಮೂಲೆಹೊಳೆ ತಂಡವೇ 2009ರಿಂದ ನಮ್ಮ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲೂ ಅಳತೆ ಮಾಡುತ್ತಿದೆ. ಇದು 84 ಚದರ ಕಿ.ಮೀ. ಪಶ್ಚಿಮದ ಅಂಚಿನಲ್ಲಿ ಕಾಡು, ಉಳಿದದ್ದು ಅರಿಶಿನ, ಚೆಂಡು ಹೂ, ಸೂರ್ಯಕಾಂತಿ, ಜೋಳ, ಹುರುಳಿ, ಬಾಳೆ, ತರಕಾರಿ ಬೆಳೆಯುವ ಹೊಲ. ವರ್ಷದ ಮಳೆ ಸರಾಸರಿ 800 ಮಿ.ಮೀ ಆಸುಪಾಸು. ಕಬಿನಿ ನದಿ ಹುಟ್ಟುವ ವಯನಾಡಿನ ಘಟ್ಟದಲ್ಲಿ ಹಲವು ಸಾವಿರ ಮಿ.ಮೀ ಸುರಿದರೂ, ಪೂರ್ವಕ್ಕೆ ಬಂದ ಹಾಗೆ ಮೋಡ ಬರಿದಾಗುತ್ತೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ವ್ಯತ್ಯಾಸ ಕಾಣೋದು. ಕಾಡಿನಲ್ಲಿ ಅಂತರ್ಜಲ ಏರೋದು ಇಳಿಯೋದು ಮಳೆ ಮತ್ತು ಮರದ ಲೆಕ್ಕ. ಇಲ್ಲಿ ಅದು ಪಂಪಿನ ಲೆಕ್ಕ. ಕಾಡಿನ ಅಂಚಿನ ಕಡೆ ನೀರಿನ ಮಟ್ಟ ಮೇಲಿದ್ದರೆ, ಬೋರ್‌ಗಳು ಒತ್ತಾಗಿರುವ ತಗ್ಗಿನ ಊರುಗಳಲ್ಲಿ ಬಹಳ ಕೆಳಗೆ ಹೋಗಿದೆ. ಸಾಮಾನ್ಯವಾಗಿ ತಗ್ಗಿನಲ್ಲಿ ನೀರು ಮೇಲೆ ಸಿಗಬೇಕು; ಪಂಪ್ ಆ ನಿಯಮವನ್ನೇ ತಿರುಗಿಸಿಬಿಟ್ಟಿದೆ.

ನೀರಿನ ಗುಣದ ಲೆಕ್ಕವೂ ಇದೆ. ಬೇರಂಬಾಡಿಯ 200ಕ್ಕೂ ಹೆಚ್ಚು ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿದಾಗ ಕೆಲವು ಕಡೆ ನೈಟ್ರೇಟ್ ಪ್ರಮಾಣ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ಅನ್ನು ಎಷ್ಟೋ ಪಟ್ಟು ದಾಟಿತ್ತು. ಹೊಲಕ್ಕೆ ಹಾಕಿದ ಯೂರಿಯಾ, ಗೊಬ್ಬರದ ಸಾರ ಕೆಳಗೆ ಇಳಿಯುತ್ತೆ. ಅದೇ ನೀರನ್ನು ಮತ್ತೆ ಎತ್ತಿ ಹೊಲಕ್ಕೆ ಬಿಡುತ್ತೇವೆ, ಮತ್ತೆ ಗೊಬ್ಬರ ಹಾಕುತ್ತೇವೆ. ಹೀಗೆ ಸುತ್ತಿ ಸುತ್ತಿ ನೀರು ಗಟ್ಟಿಯಾಗುತ್ತೆ.

ಪೊಟ್ಯಾಶ್ ಕಥೆಯೂ ಇದೇ. ಅಂಗಡಿಗಳಲ್ಲಿ ಎಂಒಪಿ ಅಂತ ಮಾರುವ ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಶ್ ಬೆಳೆಗೆ, ಕ್ಲೋರೈಡ್ ನೀರಿಗೆ. ಬೇರಂಬಾಡಿಯ ಅಂತರ್ಜಲ ನಿಧಾನವಾಗಿ ಉಪ್ಪಾಗುತ್ತಿರುವುದಕ್ಕೆ ಇದೂ ಒಂದು ಕಾರಣ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಪಕ್ಕದ ಕಾಡಿನಲ್ಲಿ ಗೊಬ್ಬರ ಇಲ್ಲದ ನೀರು ಹೇಗಿರುತ್ತೆ ಅನ್ನೋ ದಾಖಲೆ ಇದ್ದಿದ್ದರಿಂದ ಈ ಹೋಲಿಕೆ ಸಾಧ್ಯವಾಯಿತು.

ಒಂದು ಎಕರೆ ಲೆಕ್ಕ

ಒಂದು ಎಕರೆ ಮೇಲೆ 1 ಮಿ.ಮೀ ಮಳೆ ಅಂದ್ರೆ ಸುಮಾರು 4,000 ಲೀಟರ್. ಮೂಲೆಹೊಳೆಯ ಮೊದಲ ಮೂರು ವರ್ಷದಲ್ಲಿ ನೆಲ ಮತ್ತು ಹಳ್ಳದಿಂದ ಇಂಗಿದ್ದು ಒಟ್ಟು 75 ಮಿ.ಮೀ. ಅಂದ್ರೆ ಎಕರೆಗೆ ವರ್ಷಕ್ಕೆ ಸುಮಾರು 3 ಲಕ್ಷ ಲೀಟರ್.

ಈಗ ಗಂಟೆಗೆ 5,000 ಲೀಟರ್ ಕೊಡುವ ಒಂದು ಬೋರ್ ಇಟ್ಟುಕೊಳ್ಳಿ. ದಿನಕ್ಕೆ 6 ಗಂಟೆ ಓಡಿದರೆ 30,000 ಲೀಟರ್. ಹತ್ತು ದಿನಕ್ಕೆ 3 ಲಕ್ಷ. ಒಂದು ಎಕರೆಗೆ ವರ್ಷವಿಡೀ ಇಂಗಿದ್ದು ಹತ್ತೇ ದಿನಕ್ಕೆ ಖಾಲಿ. ಉಳಿದ 355 ದಿನದ ನೀರು ಎಲ್ಲಿಂದ? ಪಕ್ಕದ ಎಕರೆಗಳಿಂದ, ಇಲ್ಲವೇ ಹಿಂದಿನ ವರ್ಷಗಳ ಉಳಿತಾಯದಿಂದ.

ಇದು ಕಾಡಿನ ಅಂಕಿ ಇಟ್ಟುಕೊಂಡು ಮಾಡಿದ ಅಂದಾಜು. ಹೊಲದಲ್ಲಿ ಮಳೆಯೂ ಬೇರೆ, ಬೆಳೆ ಹೀರೋ ನೀರೂ ಬೇರೆ, ಹಾಯಿಸಿದ ನೀರಿನ ಸ್ವಲ್ಪ ಭಾಗ ವಾಪಸ್ ಇಳಿಯುತ್ತೆ. ಅಂಕಿ ಹೆಚ್ಚುಕಮ್ಮಿ ಆಗಬಹುದು. ಆದರೆ ಇಂಗೋ ನೀರನ್ನು ಎಣಿಸೋದು ಮಿ.ಮೀಟರಿನಲ್ಲಿ, ಎತ್ತೋ ನೀರನ್ನು ಇಂಚಿನಲ್ಲಿ ಅನ್ನೋದು ಬದಲಾಗಲ್ಲ.

ನಿಮ್ಮ ಊರಿನ ಲೆಕ್ಕ ನೀವೇ ಇಡೋದು ಹೇಗೆ?

ವಿಜ್ಞಾನಿಗಳ ಸಾಮಾನು ದುಬಾರಿ. ಆದರೆ ಮುಖ್ಯವಾದ ಎರಡು ಅಳತೆಗೆ ಖರ್ಚಿಲ್ಲ. ಬಿಡದೆ ಮಾಡೋದೇ ಕಷ್ಟ.

1. ಮಳೆ: ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಳೆಮಾಪಕ ಸಾಕು. ಮರ, ಗೋಡೆಯಿಂದ ದೂರ, ತೆರೆದ ಜಾಗದಲ್ಲಿ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ಓದಿ ಬರೆಯಿರಿ. ಹವಾಮಾನ ಇಲಾಖೆಯ ದಿನ ಮುಗಿಯೋದೂ ಅದೇ ಹೊತ್ತಿಗೆ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಮಳೆ ಬರಲಿಲ್ವೋ, ನೋಡಲಿಲ್ವೋ ಅಂತ ಮುಂದೆ ಗೊತ್ತಾಗಲ್ಲ.
2. ನೀರಿನ ಮಟ್ಟ: ಬಳಸದೇ ಇರುವ ಒಂದು ತೆರೆದ ಬಾವಿ ಅಥವಾ ಬೋರ್ ಆರಿಸಿ. ತಿಂಗಳಿಗೊಮ್ಮೆ, ಒಂದೇ ತಾರೀಖು, ಅಕ್ಕಪಕ್ಕದ ಪಂಪ್ ಶುರುವಾಗುವ ಮುಂಚೆ, ಭಾರ ಕಟ್ಟಿದ ಟೇಪ್ ಇಳಿಸಿ ನೋಡಿ. ಬಾವಿಯ ಬಾಯಲ್ಲಿ ಒಂದು ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಅಳೆಯಿರಿ.
3. ಮುಚ್ಚಳ: ಅಳತೆ ಆದ ಕೂಡಲೇ ಬೋರ್ ಬಾಯಿಗೆ ಗಟ್ಟಿ ಮುಚ್ಚಳ ಹಾಕಿ ಬಿಗಿ ಮಾಡಿ. ತೆರೆದ ಬೋರ್ ಮಕ್ಕಳಿಗೆ ಸಾವಿನ ಗುಂಡಿ.
4. ಪುಸ್ತಕ: ಗಟ್ಟಿ ರಟ್ಟಿನ ಲೆಡ್ಜರ್‌ನಲ್ಲಿ ಬರೆಯಿರಿ, ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ಬರೆಯುವ ಮತ್ತೊಬ್ಬರನ್ನು ಈಗಲೇ ತಯಾರು ಮಾಡಿ. ಒಬ್ಬರನ್ನೇ ನಂಬಿದ ಲೆಕ್ಕ ಅವರು ಊರು ಬಿಟ್ಟ ದಿನ ನಿಂತುಹೋಗುತ್ತೆ.

ಸರ್ಕಾರದ ಲೆಕ್ಕವೂ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅಂತರ್ಜಲ ನಿರ್ದೇಶನಾಲಯಕ್ಕೆ ವೀಕ್ಷಣಾ ಬಾವಿಗಳಿವೆ. ನಿಮ್ಮ ಪಂಚಾಯಿತಿಯ ಅಂಕಿ ಕೇಳಿ ಪಡೆದು, ನಿಮ್ಮ ಪುಸ್ತಕದ ಜೊತೆ ಹೋಲಿಸಿ ನೋಡಬಹುದು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ಈ ವರ್ಷ ಮಳೆ ಚೆನ್ನಾಗಿದೆ, ಬೋರ್ ಹಾಕಿಸಬಹುದಾ?*
ಒಂದು ವರ್ಷದ ಮಳೆ ನೋಡಿ ಸಾಲ ಮಾಡಬೇಡಿ. ಸುತ್ತಲಿನ ಬೋರ್‌ಗಳು ಹಿಂದಿನ ಒಣ ವರ್ಷಗಳ ಏಪ್ರಿಲ್-ಮೇ ತಿಂಗಳಲ್ಲಿ ಹೇಗಿದ್ದವು ಅಂತ ವಿಚಾರಿಸಿ. ಆ ಉತ್ತರ ಮಳೆಗಾಲದ ಉತ್ತರಕ್ಕಿಂತ ಗಟ್ಟಿ.

*ಕಾಡಿನ ಪಕ್ಕದ ಜಮೀನಿಗೆ ನೀರು ಗ್ಯಾರಂಟಿನಾ?*
ಗ್ಯಾರಂಟಿ ಇಲ್ಲ. ಕಾಡಿನ ಕಡೆಯಿಂದ ನೆಲದಡಿಯಲ್ಲಿ ಬರೋದು ಮಳೆಯ ಶೇ 7ರಷ್ಟು ಮಾತ್ರ. ಅಲ್ಲಿ ಬೋರ್ ಕಮ್ಮಿ ಇರೋದರಿಂದ ಮಟ್ಟ ಮೇಲಿರುತ್ತೆ. ಬೋರ್ ಹೆಚ್ಚಾದರೆ ಅದೂ ಇಳಿಯುತ್ತೆ.

*ನೈಟ್ರೇಟ್ ಇರೋ ನೀರು ಕಾಯಿಸಿ ಕುಡಿದರೆ ಸಾಕಾ?*
ಸಾಲದು. ಕಾಯಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆರಿದಷ್ಟೂ ಗಟ್ಟಿಯಾಗುತ್ತೆ. ಹಸುಗೂಸುಗಳಿಗೆ ಇದು ಅಪಾಯ. ಹೊಲದ ಬೋರ್ ನೀರನ್ನೇ ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಿ.

*ಕಾಡಿನಲ್ಲಿ ಅಳತೆ ಮಾಡೋ ಜಾಗ ನೋಡಬಹುದಾ?*
ಅದು ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಸ್ತೆ ಬಿಟ್ಟು ಒಳಗೆ ಕಾಲಿಡುವಂತಿಲ್ಲ.

ಕೊನೆಗೆ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದಿನದ ಮಳೆ ಬರೆದಿಡೋದು ತಲೆಮಾರುಗಳ ರೂಢಿ. ಅಜ್ಜ ಬರೆದ ಪುಸ್ತಕ ನೋಡಿ ಮೊಮ್ಮಗ ಗೊಬ್ಬರ ಹಾಕುವ ವಾರ ಗೊತ್ತು ಮಾಡುತ್ತಾನೆ. ಬಯಲುಸೀಮೆಯ ನಮ್ಮ ಕಡೆ ಆ ರೂಢಿ ಕಮ್ಮಿ, ಅಗತ್ಯ ಮಾತ್ರ ಅವರಿಗಿಂತ ಹೆಚ್ಚು. ನಿಮ್ಮ ಮನೆಯಲ್ಲಿ, ಊರಿನ ಶಾಲೆಯಲ್ಲಿ ಹಳೆಯ ಮಳೆ ಲೆಕ್ಕದ ಪುಸ್ತಕ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಇಲ್ಲದಿದ್ದರೆ ಈ ಮುಂಗಾರಿನಿಂದಲೇ ಒಂದು ಶುರು ಮಾಡಿ. ಹದಿನಾಲ್ಕು ವರ್ಷ ದಾಟಿದ ಮೇಲೆ ಆ ಪುಸ್ತಕಕ್ಕೆ ಬರೋ ಬೆಲೆ, ಪಾಯಿಂಟ್ ತೋರಿಸುವ ಯಾವ ತೆಂಗಿನಕಾಯಿಗೂ ಇರೋದಿಲ್ಲ.